‘ಅನಂತರ’ ಎಂಬ ಒಂದು ಮಾತು

ಕಾವ್ಯವನ್ನು ಓದುವವನಿಗೂ ಕಾಯಿದೆಯನ್ನು ಓದುವವನಿಗೂ ಒಂದು ಅಭ್ಯಾಸ ಅಗತ್ಯ. ಇಬ್ಬರೂ ಸಣ್ಣ ಮಾತುಗಳ ಎದುರಿಗೆ ನಿಂತು ಯೋಚಿಸಬೇಕು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯ 6ನೆಯ ಕಲಮಿನಲ್ಲಿ ಅಂಥದೊಂದು ಮಾತುಂಟು. ವಿವಾಹಬಂಧನದ ಹೊರಗೆ ಹುಟ್ಟಿದ ಮಗುವಿಗೆ ಸಹಜ ಪೋಷಕರು ಯಾರು ಎಂಬ ಪ್ರಶ್ನೆಗೆ ಆ ಕಲಮಿನ ಉತ್ತರ ಇಷ್ಟೆ: ತಾಯಿ, ಆಕೆಯ ಅನಂತರ ತಂದೆ. ತಾಯಿಯು ಮಗುವನ್ನು ಕರೆದುಕೊಂಡು ದೂರದ ಊರಿಗೆ ಹೊರಟಾಗ, ಮದುವೆಯಾಗದ ತಂದೆಯ ಪಾಡೇನೆಂಬುದು ಈ ಒಂದು ಪದದ ಮೇಲೆ ನಿಂತಿದೆ.

ತಾಯಿಗೆ ಮೊದಲ ಸ್ಥಾನ ದೊರೆತದ್ದು ಅಕಾರಣವಾಗಿ ಅಲ್ಲ. ಇಂಥ ಜನನದಲ್ಲಿ ಲೋಕಾಪವಾದವೆಲ್ಲ ಹೆಣ್ಣಿನ ಪಾಲಿಗೆ. ಗಂಡಸಾದರೋ ಹೆಗಲ ವಸ್ತ್ರವನ್ನು ಕೊಡವಿಕೊಂಡು ನಡೆದುಬಿಡುವುದೇ ಹೆಚ್ಚು. ಆದರೆ ಎಲ್ಲ ತಂದೆಯರೂ ಅಂಥವರಲ್ಲ. ಮಹಾಭಾರತದ ವನಪರ್ವವನ್ನು ನೆನೆಯಬಹುದು. ಲೋಕಕ್ಕೆ ಅಂಜಿದ ಕುಂತಿ ಕೂಸನ್ನು ಪೆಟ್ಟಿಗೆಯಲ್ಲಿಟ್ಟು ಅಶ್ವನದಿಯಲ್ಲಿ ತೇಲಿಬಿಟ್ಟಳು. ಅದು ಚರ್ಮಣ್ವತಿ, ಯಮುನೆ, ಗಂಗೆಗಳನ್ನು ಹಾಯ್ದು ಅಂಗದೇಶದ ಚಂಪಾನಗರಿಯನ್ನು ಸೇರಿತು. ಅವಳ ಕೈಹಿಡಿಯದ ಸೂರ್ಯನಿಗೆ ಆ ಮಗನ ಮೇಲೆ ಯಾವ ಅಧಿಕಾರವೂ ಉಳಿಯಲಿಲ್ಲ. ಆದರೂ ಇಂದ್ರನು ಕವಚಕುಂಡಲಗಳನ್ನು ಬೇಡಲು ಬರುವ ಮುನ್ನ ಮಗನ ಕನಸಿನಲ್ಲಿ ಬಂದು ಎಚ್ಚರಿಸಿದವನು ಅವನೇ.

ಈಗ ನಮ್ಮ ಸೀಮೆಯನ್ನು ನೋಡೋಣ. ಮಾಸ್ತಿಯವರ ಮಾಲೂರಿನ ಅಂಚಿಗೆ ತಮಿಳುನಾಡು. ಗುಂಡಪ್ಪನವರ ಮುಳಬಾಗಿಲು ಮತ್ತು ಅದರ ಉತ್ತರದ ಶ್ರೀನಿವಾಸಪುರಗಳ ಅಂಚಿಗೆ ಆಂಧ್ರ. ನಂಟು, ಉದ್ಯೋಗ, ವ್ಯಾಪಾರಗಳು ಗಡಿಯ ಎರಡು ಕಡೆಗೂ ಹರಡಿವೆ. ಮುಳಬಾಗಿಲಿನ ಒಬ್ಬ ತಂದೆಯನ್ನು ವಾಚಕರು ಊಹಿಸಿಕೊಳ್ಳಲಿ. ಮದುವೆಯಾಗಲಿಲ್ಲ, ಕೂಡಿ ಬಾಳಿದ್ದೂ ಮುರಿಯಿತು. ಆದರೂ ಮಗಳ ಶಾಲೆಯ ಶುಲ್ಕ ಕಟ್ಟುತ್ತಾನೆ. ಭಾನುವಾರ ತಪ್ಪದೆ ನೋಡಿಬರುತ್ತಾನೆ. ತಾಯಿಗೆ ಚಿತ್ತೂರಿನಲ್ಲಿ ಕೆಲಸ ಸಿಕ್ಕಿ, ಅವಳು ಮಗುವಿನೊಡನೆ ಹೊರಟಳು.

1890ರ ಪೋಷಕರು ಮತ್ತು ಪಾಲ್ಯರ ಕಾಯಿದೆಯ 26ನೆಯ ಕಲಮಿನಂತೆ, ನ್ಯಾಯಾಲಯವು ನೇಮಿಸಿದ ಪೋಷಕರು ಅದರ ಅಪ್ಪಣೆಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದಾಚೆಗೆ ಒಯ್ಯುವಂತಿಲ್ಲ. ತಾಯಿಯಾದರೋ ಸಹಜ ಪೋಷಕಿ. ಈ ಕಟ್ಟು ಅವಳಿಗಿಲ್ಲ. ಇನ್ನು, 9ನೆಯ ಕಲಮಿನಂತೆ ಅರ್ಜಿ ಸಲ್ಲಬೇಕಾದದ್ದು ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೆ. ಆ ವಾಸ ಎಲ್ಲಿಯದೆಂಬುದನ್ನು ಆಯಾ ಪ್ರಸಂಗದ ಸಂಗತಿಗಳಿಂದಲೇ ನಿರ್ಣಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿದೆ. ಆದ್ದರಿಂದ ತಂದೆ ತಡಮಾಡಿದಷ್ಟೂ ಕೋಲಾರದ ನ್ಯಾಯಾಲಯ ಅವನಿಗೆ ದೂರವಾಗುತ್ತದೆ; ಚಿತ್ತೂರಿಗೆ ಅಲೆಯುವುದು ಅನಿವಾರ್ಯವಾಗುತ್ತದೆ.

ಕರ್ತವ್ಯದಲ್ಲಿ ಮಾತ್ರ ಅವನು ‘ಅನಂತರ’ದವನಲ್ಲ. ಅದೇ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ 20ನೆಯ ಕಲಮು ಇಂಥ ಮಗುವನ್ನು ಸಾಕುವ ಹೊಣೆಯನ್ನು ತಂದೆತಾಯಿಯರಿಬ್ಬರ ಮೇಲೂ ಹೊರಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮೂ ಅವನಿಂದ ಜೀವನಾಂಶ ಕೊಡಿಸಬಲ್ಲದು. ಅನ್ನವಿಡುವಾಗ ಸರಿಸಮಾನ, ಮಗುವಿನ ಮುಖ ನೋಡುವಾಗ ಹಿಂದಿನ ಸಾಲು ಎಂಬುದು ನ್ಯಾಯವೆ?

ಪದದ ಅರ್ಥವು ಬೆಳೆಯಬಲ್ಲದು ಎಂಬುದಕ್ಕೆ ದೃಷ್ಟಾಂತವುಂಟು. ವಿವಾಹಿತರ ಮಕ್ಕಳ ವಿಷಯದಲ್ಲಿ ಅದೇ 6ನೆಯ ಕಲಮು ತಂದೆಯನ್ನು ಮೊದಲು, ತಾಯಿಯನ್ನು ಅನಂತರ ಇರಿಸಿದೆ. ಕಾದಂಬರಿಕಾರ್ತಿ ಗೀತಾ ಹರಿಹರನ್ ಅವರು ಇದನ್ನು ಪ್ರಶ್ನಿಸಿದಾಗ, ‘ಅನಂತರ’ವೆಂದರೆ ತಂದೆಯ ಮರಣಾನಂತರ ಎಂದೇ ಅಲ್ಲ, ಮಗುವಿನ ಪಾಲನೆಯಲ್ಲಿ ಅವನು ಇಲ್ಲದಿರುವಾಗ ಎಂದೂ ಆಗುತ್ತದೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ತೀರ್ಪಿತ್ತಿತು. ಅಂದು ಈ ಪದ ತಾಯಿಗೆ ಬಾಗಿಲು ತೆರೆಯಿತು. 2015ರಲ್ಲಿ ಅದೇ ನ್ಯಾಯಾಲಯ, ಅವಿವಾಹಿತ ತಾಯಿಯು ತಂದೆಯ ಹೆಸರು ಹೇಳದೆಯೇ ಪೋಷಕತ್ವ ಕೋರಬಹುದೆಂದಿತು. ಆದರೆ ಇಂಥ ಆಜ್ಞೆಗಳು ಎಂದೂ ಅಂತಿಮವಲ್ಲ, ಮಗುವಿನ ಬಗ್ಗೆ ನಿಜವಾದ ಕಾಳಜಿಯುಳ್ಳವರು ಅವನ್ನು ಪ್ರಶ್ನಿಸಬಹುದು ಎಂದೂ ಅದು ಸೇರಿಸಿತು. ಕೈಬಿಟ್ಟುಹೋದವನಿಗೂ ಕೈಹಿಡಿದು ನಿಂತವನಿಗೂ ಇರುವ ಅಂತರವನ್ನು ಈ ಮಾತು ಬಲ್ಲದು. 1956ರ ಕಾಯಿದೆಯ 13ನೆಯ ಕಲಮಾದರೋ ಮಗುವಿನ ಹಿತವೇ ಎಲ್ಲಕ್ಕಿಂತ ಮಿಗಿಲೆಂದು ಸಾರಿದೆ.

ಆ ಹಿತದ ಹೆಸರಿನಲ್ಲಿ ತಾಯಿಯನ್ನು ಊರಿಗೆ ಕಟ್ಟಿಹಾಕಬೇಕೆಂದು ಯಾರೂ ಹೇಳಲಾರರು. ಅವಳ ದುಡಿಮೆಯೂ ಮಗುವಿನ ಅನ್ನವೇ. ಹೊರಡುವ ಮೊದಲು ತಂದೆಗೆ ತಿಳಿಸುವುದು, ರಜೆಯ ದಿನಗಳನ್ನೂ ಭೇಟಿಯ ದಿನಗಳನ್ನೂ ಬರಹದಲ್ಲಿ ಗೊತ್ತುಮಾಡುವುದು, ಒಪ್ಪದಿದ್ದರೆ ಪಯಣಕ್ಕೆ ಮುನ್ನವೇ ನ್ಯಾಯಾಲಯವನ್ನು ಕೇಳುವುದು: ಇಷ್ಟು ಸಾಧ್ಯವಾಗಬೇಕು. ದೂರದ ತಂದೆ ಅಥವಾ ತಾಯಿಗೆ ವಿಡಿಯೋ ಕರೆಯಲ್ಲಾದರೂ ಮಗುವಿನೊಡನೆ ಮಾತಾಡುವ ಅವಕಾಶವಿರಬೇಕೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದು ವಿವಾಹಿತ ದಂಪತಿಗಳ ಮೊಕದ್ದಮೆ. ಆದರೆ ಅಪ್ಪನ ದನಿಗಾಗಿ ಕಾಯುವ ಮಗು ತನ್ನ ಹೆತ್ತವರ ಮದುವೆಯ ದಾಖಲೆಯನ್ನು ಕೇಳುವುದಿಲ್ಲ. ‘ಅನಂತರ’ ಎಂಬ ಮಾತು ತಂದೆಗೆ ಸರದಿಯನ್ನು ಹೇಳಲಿ. ಮಗುವಿನಿಂದ ಅವನನ್ನು ಗಡೀಪಾರು ಮಾಡದಿರಲಿ.