ನ್ಯಾಯಮೂರ್ತಿಯ ಜೀವನಚರಿತ್ರೆಯನ್ನು ಓದುವ ಬಗೆ

ದಲಿತ ವಿಮರ್ಶೆ ಎಂದರೆ ಕತೆ, ಕಾವ್ಯ, ಕಾದಂಬರಿಗಳನ್ನು ಓದುವ ವಿಧಾನ ಎಂದಷ್ಟೇ ನಾವು ತಿಳಿದುಕೊಂಡಿದ್ದೇವೆ. ಆದರೆ ಜಾತಿ ಕೆಲಸ ಮಾಡುವುದು ಸಾಹಿತ್ಯ ಕೃತಿಗಳಲ್ಲಿ ಮಾತ್ರವೇ? ದೊಡ್ಡವರ ಜೀವನಚರಿತ್ರೆಯೂ ಒಂದು ಪಠ್ಯವೇ. ನ್ಯಾಯಮೂರ್ತಿಗಳ ಬದುಕಂತೂ ‘ಹಳ್ಳಿಯಲ್ಲಿ ಹುಟ್ಟಿ ಪ್ರತಿಭೆಯಿಂದ ಮೇಲೆ ಬಂದರು’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಈ ವಾಕ್ಯ ಏನನ್ನು ಬಿಟ್ಟಿದೆ ಅಂತ ಕೇಳುವುದು ನಮ್ಮ ಕೆಲಸ.

ನಮ್ಮ ಮಂಡ್ಯ ಜಿಲ್ಲೆಯದೇ ಉದಾಹರಣೆ ನೋಡೋಣ. ಇ.ಎಸ್. ವೆಂಕಟರಾಮಯ್ಯನವರು 1924ರಲ್ಲಿ ಪಾಂಡವಪುರ ತಾಲ್ಲೂಕಿನ ಎಂಗಲಗುಪ್ಪೆಯಲ್ಲಿ ಹುಟ್ಟಿದರು. 1946ರಲ್ಲಿ ವಕೀಲಿಗೆ ಇಳಿದರು. ಅಡ್ವೋಕೇಟ್ ಜನರಲ್ ಆಗಿದ್ದವರು 1970ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 1979ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1989ರ ಜೂನ್‌ನಿಂದ ಡಿಸೆಂಬರ್‌ವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದರು. 1997ರಲ್ಲಿ ತೀರಿಕೊಂಡರು. ಅವರ ಮಗಳು ಬಿ.ವಿ. ನಾಗರತ್ನ 2008ರಲ್ಲಿ ಕರ್ನಾಟಕ ಹೈಕೋರ್ಟಿನ, 2021ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ವೆಂಕಟರಾಮಯ್ಯನವರ ವಿದ್ವತ್ತನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಕರ್ನಾಟಕದ ಮೀಸಲಾತಿಯ ಪ್ರಶ್ನೆ ವಸಂತಕುಮಾರ್ ಪ್ರಕರಣವಾಗಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 1985ರ ಮೇ ತಿಂಗಳಲ್ಲಿ, ಐವರು ನ್ಯಾಯಮೂರ್ತಿಗಳು ಐದು ಬೇರೆ ಬೇರೆ ಅಭಿಪ್ರಾಯ ಬರೆದರು. ಡಿ.ಎ. ದೇಸಾಯಿಯವರು ಆರ್ಥಿಕ ಮಾನದಂಡದ ಪರವಾಗಿದ್ದರು. ವೆಂಕಟರಾಮಯ್ಯನವರಾದರೋ, ಸಂವಿಧಾನ ಹೇಳುವ ಹಿಂದುಳಿದಿರುವಿಕೆ ಹುಟ್ಟಿಗೆ, ಜಾತಿ-ಸಮುದಾಯಕ್ಕೆ ಅಂಟಿಕೊಂಡದ್ದು, ಬರಿಯ ಬಡತನವಲ್ಲ ಎಂದು ಬರೆದರು. ಇದನ್ನು ನಾವು ಒಪ್ಪಿಕೊಳ್ಳಲೇಬೇಕು.

ಆದರೆ ಇನ್ನೊಂದನ್ನೂ ಗಮನಿಸಬೇಕು. ಸುಪ್ರೀಂ ಕೋರ್ಟಿನ ಮೊದಲ ದಲಿತ ನ್ಯಾಯಮೂರ್ತಿ ಎ. ವರದರಾಜನ್ 1980ರ ಡಿಸೆಂಬರ್‌ನಿಂದ 1985ರ ಆಗಸ್ಟ್‌ವರೆಗೆ ಅಲ್ಲಿದ್ದರು. ಜಾತಿಯ ಬಗ್ಗೆ ಇಷ್ಟು ದೊಡ್ಡ ಚರ್ಚೆ ನಡೆದ ಆ ಐವರ ಪೀಠದಲ್ಲಿ ಅವರು ಇರಲಿಲ್ಲ. ನಮ್ಮ ಬಗ್ಗೆ ಮಾತು ನಡೆಯುವಾಗ ನಾವು ಕೋಣೆಯ ಹೊರಗೇ ಇರುತ್ತೇವೆ.

ಯಾಕೆ ಹೀಗೆ? ಸಂವಿಧಾನದ 217ನೇ ವಿಧಿಯನ್ನು ಓದಿದರೆ ಅಲ್ಲಿ ಜಾತಿಯ ಬೇಲಿ ಕಾಣುವುದಿಲ್ಲ. ಹೈಕೋರ್ಟಿನಲ್ಲಿ ಹತ್ತು ವರ್ಷ ವಕೀಲಿಕೆ, ಇಲ್ಲವೇ ಹತ್ತು ವರ್ಷ ನ್ಯಾಯಾಂಗದ ಹುದ್ದೆ. ಇವೆರಡೇ ದಾರಿ. ಬೇಲಿ ಇರುವುದು ಆ ಹತ್ತು ವರ್ಷಗಳ ಒಳಗೆ.

ಮದ್ದೂರಿನಲ್ಲಿ ಪಾಠ ಮಾಡುವ ನನಗೆ ಮಳವಳ್ಳಿ ಕಡೆಯ ಹುಡುಗರು ಆಗಾಗ ಕೇಳುತ್ತಾರೆ: ‘ಸಾರ್, ಲಾ ಓದ್ಬಿಟ್ಟು ಜೂನಿಯರ್ ಆಗಿ ಸೇರ್ಕೊಂಡ್ರೆ ಕೈಗೆ ಏನ್ ಬರುತ್ತೆ?’ ಮೊದಲ ವರ್ಷಗಳಲ್ಲಿ ಬರುವುದು ಬಸ್ ಚಾರ್ಜಿಗೂ ಸಾಲುವುದಿಲ್ಲ. ಮನೆಯಿಂದ ದುಡ್ಡು ತರಬಲ್ಲವನು ಬೆಂಗಳೂರಿನಲ್ಲಿ ದೊಡ್ಡ ಸೀನಿಯರ್ ಹತ್ತಿರ ಸೇರುತ್ತಾನೆ, ಸರ್ಕಾರಿ ವಕೀಲನಾಗುತ್ತಾನೆ, ಹೈಕೋರ್ಟಿನ ಹಿರಿಯರ ಕಣ್ಣಿಗೆ ಬೀಳುತ್ತಾನೆ. ಹೆಸರು ಶಿಫಾರಸು ಮಾಡುವವರು ಆ ಹಿರಿಯರೇ. ಕೂಲಿ ಮಾಡಿ ಓದಿಸಿದವರ ಮಗ ಮಳವಳ್ಳಿ ಕೋರ್ಟಿನಲ್ಲೇ ಉಳಿಯುತ್ತಾನೆ, ಇಲ್ಲವೇ ಬೇರೆ ನೌಕರಿ ಹುಡುಕುತ್ತಾನೆ.

ಇನ್ನೊಂದು ದಾರಿ ಸಿವಿಲ್ ನ್ಯಾಯಾಧೀಶರ ಪರೀಕ್ಷೆ. ಅಲ್ಲಿ ಮೀಸಲಾತಿ ಇದೆ. ಹೈಕೋರ್ಟು, ಸುಪ್ರೀಂ ಕೋರ್ಟುಗಳಲ್ಲಿ ಇಲ್ಲ. ಮದ್ದೂರಿನಂಥ ತಾಲ್ಲೂಕು ಕೋರ್ಟಿನಿಂದ ಶುರು ಮಾಡಿದವರು ಮಂಡ್ಯದಂಥ ಕಡೆ ಜಿಲ್ಲಾ ನ್ಯಾಯಾಧೀಶರಾಗುವ ಹೊತ್ತಿಗೆ ತಲೆ ನರೆತಿರುತ್ತದೆ. ಹೈಕೋರ್ಟಿನ ನಿವೃತ್ತಿ ವಯಸ್ಸು 62. ಮೇಲೆ ಹೋದರೂ ಉಳಿಯುವುದು ಕೆಲವೇ ವರ್ಷ.

ಫಲ ಏನು? 2018ರಿಂದ 2025ರ ಮಾರ್ಚ್‌ವರೆಗೆ ದೇಶದ ಹೈಕೋರ್ಟುಗಳಿಗೆ ನೇಮಕವಾದ 715 ನ್ಯಾಯಮೂರ್ತಿಗಳಲ್ಲಿ ಪರಿಶಿಷ್ಟ ಜಾತಿಯವರು 22, ಪರಿಶಿಷ್ಟ ಪಂಗಡದವರು 16. ಇದು ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ. ಪ್ರತಿಭೆ ಅನ್ನುವುದು ಇಷ್ಟು ಅಚ್ಚುಕಟ್ಟಾಗಿ ಜಾತಿ ನೋಡಿ ಹುಟ್ಟುತ್ತದೆಯೇ?

ಹಾಗಂತ ನಮ್ಮವರೊಬ್ಬರು ಕುರ್ಚಿಯಲ್ಲಿ ಕೂತರೆ ಸಾಕೆ? ವೈಕಂ ಮುನ್ಸೀಫ್ ಕೋರ್ಟಿನ ಗುಮಾಸ್ತರ ಮಗ ಕೆ.ಜಿ. ಬಾಲಕೃಷ್ಣನ್ 2007ರಲ್ಲಿ ಮೊದಲ ದಲಿತ ಮುಖ್ಯ ನ್ಯಾಯಮೂರ್ತಿಯಾದದ್ದು ಸಣ್ಣ ಸಂಗತಿಯಲ್ಲ. ಎರಡನೆಯವರು ಬಿ.ಆರ್. ಗವಾಯಿ. ಅವರದೇ ಪೀಠ 2025ರ ಮೇ 20ರಂದು, ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರುವವರಿಗೆ ಮೂರು ವರ್ಷದ ವಕೀಲಿಕೆ ಕಡ್ಡಾಯ ಎಂದಿತು. ಕನ್ನಡಿಗರೇ ಆದ ಕೆ. ಜಗನ್ನಾಥ ಶೆಟ್ಟಿಯವರ ಆಯೋಗದ ಶಿಫಾರಸಿನಂತೆ 2002ರಲ್ಲಿ ತೆಗೆದುಹಾಕಿದ್ದ ನಿಯಮವಿದು. ಅನುಭವ ಬೇಕೆಂಬ ಕಾರಣ ಸುಳ್ಳಲ್ಲ. ಆದರೆ ಆ ಮೂರು ವರ್ಷ ಹೊಟ್ಟೆಗೆ ಏನು ಮಾಡುವುದು ಎಂಬ ಪ್ರಶ್ನೆ ಎಲ್ಲರಿಗೂ ಒಂದೇ ಅಲ್ಲ. ಕೂತವರು ಬದಲಾದರೂ ಏಣಿ ಬದಲಾಗಿರುವುದಿಲ್ಲ.

ಆದ್ದರಿಂದ ಚಳವಳಿ ಕೇಳಬೇಕಾದದ್ದು ಕುರ್ಚಿಯನ್ನಷ್ಟೇ ಅಲ್ಲ, ಏಣಿಯ ಕೆಳಗಿನ ಮೆಟ್ಟಿಲುಗಳನ್ನು. ನಮ್ಮ ಕಾನೂನು ಪದವೀಧರರಿಗೆ ಕೊಡುವ ಭತ್ಯೆ ಬದುಕುವಷ್ಟಿರಬೇಕು. ಸರ್ಕಾರಿ ವಕೀಲರ ನೇಮಕದಲ್ಲಿ ನಮ್ಮವರೆಷ್ಟು ಎಂಬ ಲೆಕ್ಕ ಬೇಕು. ಮುಂದೆ ಯಾರಾದರೂ ನ್ಯಾಯಮೂರ್ತಿಯೊಬ್ಬರ ಜೀವನಚರಿತ್ರೆ ಕೈಗಿಟ್ಟರೆ ಹುಟ್ಟೂರನ್ನು, ಪದಕಗಳನ್ನು ಓದಿ ಸುಮ್ಮನಾಗಬೇಡಿ. ಮೊದಲ ಹತ್ತು ವರ್ಷ ಅವರ ಮನೆಯ ಒಲೆ ಯಾರ ದುಡ್ಡಿನಲ್ಲಿ ಉರಿಯಿತು ಅಂತ ಕೇಳಿ.