ಪ್ರತಿಕಾಯದ ಪಾಟೀಸವಾಲು

ಪ್ರೋಟೀನುಗಳು ಹುಟ್ಟುವ ಕ್ರಮದಷ್ಟೇ ಅವು ಅಳಿಯುವ ಕ್ರಮವೂ ಜೀವಕೋಶದಲ್ಲಿ ಸುವ್ಯವಸ್ಥಿತವಾದುದೆಂಬುದನ್ನು ಲೋಕಕ್ಕೆ ತಿಳಿಸಿಕೊಟ್ಟವರು ಹರ್ಷ್ಕೊ, ಚೆಖನೋವರ್ ಮತ್ತು ರೋಸ್ ಎಂಬ ಮೂವರು; 2004ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಅವರಿಗೆ ಸಂದದ್ದು ಈ ಕಾರ್ಯಕ್ಕಾಗಿಯೇ. ನಾಶವಾಗಬೇಕಾದ ಪ್ರೋಟೀನಿನ ಮೈಗೆ ಯುಬಿಕ್ವಿಟಿನ್ ಎಂಬ, 76 ಅಮೈನೊ ಆಮ್ಲಗಳ ಕಿರುಪ್ರೋಟೀನು ಸರಪಣಿಯಾಗಿ ಬಂದು ಸೇರುತ್ತದೆ. ಆ ಮುದ್ರೆಯನ್ನು ಗುರುತಿಸಿದ ಪ್ರೋಟಿಯಾಸೋಮ್ ಎಂಬ ಕೋಶಯಂತ್ರವು ಆ ಪ್ರೋಟೀನನ್ನು ಕತ್ತರಿಸಿಹಾಕುತ್ತದೆ. ಮುದ್ರೆ ಯಾರ ಮೇಲೆ ಬೀಳಬೇಕೆಂಬುದನ್ನು ನಿರ್ಣಯಿಸುವ ಕಿಣ್ವಗಳಲ್ಲಿ ಎಂಡಿಎಂ2 ಸುಪ್ರಸಿದ್ಧವಾದುದು. ಅರ್ಬುದವನ್ನು ತಡೆಯುವ ಪಿ53 ಪ್ರೋಟೀನು ಮಿತಿಮೀರದಂತೆ ಕಾಯುವುದು ಇದರ ಕೆಲಸ. ವಿಚಿತ್ರವೆಂದರೆ, ಈ ಕಿಣ್ವದ ಜೀನನ್ನು ಎಚ್ಚರಿಸುವುದೂ ಪಿ53 ತಾನೇ.

ಇಂತಹ ಕಿಣ್ವವು ಕೋಶದಲ್ಲಿ ಇದೆಯೇ, ಎಷ್ಟಿದೆ ಎಂಬುದನ್ನು ಕಣ್ಣಾರೆ ಕಾಣುವ ಉಪಾಯವಿಲ್ಲವಾದುದರಿಂದ, ವಿಜ್ಞಾನಿಗಳು ಪ್ರತಿಕಾಯವೆಂಬ ಸಾಕ್ಷಿಯನ್ನು ಕರೆಯುತ್ತಾರೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕ್ಯೋಲರ್ ಮತ್ತು ಮಿಲ್‌ಸ್ಟೈನ್ ಅವರು ಪ್ರತಿಕಾಯವನ್ನು ಸ್ರವಿಸುವ ಇಲಿಯ ಕೋಶವನ್ನು ಅರ್ಬುದಕೋಶದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಬೇಕೆಂದಷ್ಟು ಕಾಲ ಪಡೆಯುವ ದಾರಿಯನ್ನು ತೆರೆದರು; ಅದಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲವೆಂಬುದನ್ನು ಇಂದಿನ ವ್ಯಾಪಾರಯುಗದಲ್ಲಿ ನೆನೆಯುವುದು ಉಚಿತ.

ಕೋಶಗಳನ್ನು ಕರಗಿಸಿ, ಅವುಗಳ ಪ್ರೋಟೀನುಗಳನ್ನು ಮಾರ್ಜಕದಲ್ಲಿ ಕುದಿಸಿ, ಜೆಲ್ಲಿನೊಳಗೆ ವಿದ್ಯುತ್ತಿನಿಂದ ಓಡಿಸಿದರೆ ಚಿಕ್ಕವು ಮುಂದೆಯೂ ದೊಡ್ಡವು ಹಿಂದೆಯೂ ನಿಲ್ಲುತ್ತವೆ. ಅವನ್ನು ತೆಳುಪೊರೆಗೆ ವರ್ಗಾಯಿಸಿ ಪ್ರತಿಕಾಯವನ್ನು ಸುರಿದಾಗ, ಅದು ಹಿಡಿದ ತಾಣದಲ್ಲಿ ಒಂದು ಪಟ್ಟಿ ಮೂಡುತ್ತದೆ. ವೆಸ್ಟರ್ನ್ ಬ್ಲಾಟ್ ಎಂಬುದು ಇದೇ. ಮಾನವನ ಎಂಡಿಎಂ2ದಲ್ಲಿ 491 ಅಮೈನೊ ಆಮ್ಲಗಳಿದ್ದು, ಲೆಕ್ಕದ ಪ್ರಕಾರ ಅದರ ಭಾರ ಸುಮಾರು 55 ಕಿಲೋಡಾಲ್ಟನ್. ಆದರೆ ಪಟ್ಟಿ ಮೂಡುವುದು 90ರ ಆಸುಪಾಸಿನಲ್ಲಿ! ಆಮ್ಲೀಯ ಭಾಗಗಳುಳ್ಳ ಪ್ರೋಟೀನುಗಳು ಮಾರ್ಜಕವನ್ನು ಸಾಕಷ್ಟು ಹಿಡಿಯದೆ ಮಂದಗತಿಯಿಂದ ಸಾಗುವುದುಂಟು. ಇದನ್ನರಿಯದವನು ಸತ್ಯವನ್ನು ನುಡಿಯುತ್ತಿರುವ ಪ್ರತಿಕಾಯವನ್ನೇ ಸುಳ್ಳೆಂದು ತಳ್ಳಿಹಾಕಿಯಾನು, ಅಥವಾ 55ರಲ್ಲಿ ಆಕಸ್ಮಿಕವಾಗಿ ತೋರಿದ ಇನ್ನಾವುದೋ ಪ್ರೋಟೀನಿನ ಪಟ್ಟಿಯನ್ನು ಕಂಡು ಸಂತೋಷಪಟ್ಟಾನು.

ಆದುದರಿಂದ ಭಾರವೊಂದನ್ನೇ ನೆಚ್ಚಲಾಗದು. ಸಾಕ್ಷಿಗೆ ಹಾಕಬೇಕಾದ ನಿಜವಾದ ಪಾಟೀಸವಾಲು, ಆ ಕಿಣ್ವವು ಇಲ್ಲವೇ ಇಲ್ಲದ ಕೋಶದಲ್ಲಿಯೂ ಪಟ್ಟಿ ಮೂಡುವುದೇ ಎಂಬುದು. ಆದರೆ ಎಂಡಿಎಂ2ದ ಜೀನನ್ನು ತೆಗೆದರೆ, ಅಂಕುಶವಿಲ್ಲದ ಪಿ53 ಇಲಿಯ ಭ್ರೂಣವನ್ನು ಗರ್ಭದಲ್ಲಿಯೇ ಕೊಂದುಬಿಡುತ್ತದೆ. ಪಿ53ರ ಜೀನನ್ನೂ ಜೊತೆಯಲ್ಲಿಯೇ ತೆಗೆದರೆ ಇಲಿ ಬದುಕುವುದೆಂದು 1995ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ತೋರಿಸಿದುದರಿಂದ, ಎರಡೂ ಇಲ್ಲದ ಇಲಿಯ ಕೋಶಗಳು ಈ ಪರೀಕ್ಷೆಗೆ ಒದಗಿಬಂದುವು. (ಮಾನವರೂಪವನ್ನು ಮಾತ್ರ ಗುರುತಿಸುವ ಪ್ರತಿಕಾಯಕ್ಕೆ ಇವು ನಿರುಪಯುಕ್ತವೆಂಬುದನ್ನು ಮರೆಯಬಾರದು, ಇಲಿಯ ಕೋಶದಲ್ಲಿ ಅದು ಮೌನವಾಗಿದ್ದರೆ ಏನೂ ಸಿದ್ಧವಾಗದು.) ಇಂತಹ ಪರೀಕ್ಷೆಗೆ ಒಳಗಾಗದ ಪ್ರತಿಕಾಯವನ್ನು ನಂಬಿ ಬರೆದ ಪ್ರಬಂಧದ ಬೆಲೆ, ನನ್ನ ಅಭಿಪ್ರಾಯದಲ್ಲಿ, ಬಹಳ ಅಲ್ಪ.

ಈ ಎಚ್ಚರಿಕೆಯು ಪ್ರಯೋಗಶಾಲೆಯ ಶಿಷ್ಟಾಚಾರ ಮಾತ್ರವಲ್ಲ. ನಿರಪಾಯಕಾರಿಯಾದ ಕೊಬ್ಬಿನ ಗಂಟಿಗೂ ಅದನ್ನೇ ಹೋಲುವ ಲೈಪೊಸಾರ್ಕೋಮ ಎಂಬ ಅರ್ಬುದಕ್ಕೂ ಸೂಕ್ಷ್ಮದರ್ಶಕದಲ್ಲಿ ಭೇದವು ಕಾಣದಿದ್ದಾಗ, ರೋಗನಿದಾನತಜ್ಞರು ಎಂಡಿಎಂ2 ಪ್ರತಿಕಾಯದಿಂದ ಊತಕಕ್ಕೆ ಬಣ್ಣ ಹಾಯಿಸಿ ನೋಡುತ್ತಾರೆ. ಆ ಅರ್ಬುದದಲ್ಲಿ 12ನೆಯ ವರ್ಣತಂತುವಿನಲ್ಲಿರುವ ಈ ಜೀನಿನ ಪ್ರತಿಗಳು ಹಲವು ಮಡಿ ಹೆಚ್ಚಿರುತ್ತವೆ. ಬಣ್ಣದ ಸಾಕ್ಷ್ಯವು ಸಂದಿಗ್ಧವಾದಲ್ಲಿ ಅವರು ಪ್ರತಿಕಾಯವನ್ನು ಬದಿಗಿರಿಸಿ, ಹೊಳೆಯುವ ಡಿಎನ್‌ಎ ಎಳೆಗಳನ್ನು ಅಂಟಿಸಿ ಜೀನಿನ ಪ್ರತಿಗಳನ್ನೇ ಎಣಿಸುತ್ತಾರೆ.