ಅಂಗೈಯಗಲದಲ್ಲಿ ಹಗಲಿರುಳು: ‘ಪೊಕೆಮಾನ್’ ಆಟದ ಉತ್ತರಭಾಗ

ಕೀಟಗಳನ್ನು ಹಿಡಿದು ಸಾಕುವುದು ಜಪಾನಿನ ಬಾಲಕರ ಬಹುಕಾಲದ ವಿನೋದ. ಟೋಕಿಯೋ ನಗರದ ಅಂಚಿನ ಮಾಚಿದಾದಲ್ಲಿ ಬಾಲ್ಯವನ್ನು ಕಳೆದ ಸತೋಷಿ ತಾಜಿರಿಯವರು ಈ ವಿನೋದದಲ್ಲಿ ವಿಶೇಷ ಆಸಕ್ತರಾಗಿದ್ದರು. ಗದ್ದೆ ಕೊಳಗಳು ಅಳಿದು ಕಟ್ಟಡಗಳು ಎದ್ದಮೇಲೆ ಆ ಸುಖವು ಮುಂದಿನ ಮಕ್ಕಳಿಗೆ ದುರ್ಲಭವಾಯಿತು. ಅದನ್ನು ಬೇರೊಂದು ಬಗೆಯಲ್ಲಿ ಮರಳಿ ಕೊಡಬೇಕೆಂಬ ಹಂಬಲದಿಂದ ಅವರು ಕಲ್ಪಿಸಿದ ಆಟವೇ ‘ಪೊಕೆಮಾನ್’. ‘ಪಾಕೆಟ್’, ‘ಮಾನ್‌ಸ್ಟರ್’ ಎಂಬ ಎರಡು ಇಂಗ್ಲಿಷ್ ಪದಗಳ ಬಾಲಗಳನ್ನು ಕತ್ತರಿಸಿ ತಲೆಗಳನ್ನು ಮಾತ್ರ ಕೂಡಿಸಿದ ಜಪಾನೀ ಸಮಾಸವಿದು; ಜೇಬಿನಲ್ಲಿ ಅಡಗುವ ವಿಚಿತ್ರಪ್ರಾಣಿ ಎಂದು ಇದರ ತಾತ್ಪರ್ಯ.

‘ಗೇಮ್ ಬಾಯ್’ ಎಂಬ ಕೈಯಂತ್ರಕ್ಕಾಗಿ ೧೯೯೬ರಲ್ಲಿ ಹೊರಬಂದ ಮೊದಲ ಆಟದಲ್ಲಿ ೧೫೧ ಪ್ರಾಣಿಗಳಿದ್ದವು. ೧೯೯೯ರ ನವೆಂಬರ್ ೨೧ರಂದು ಜಪಾನಿನಲ್ಲಿ ಪ್ರಕಟವಾದ ಉತ್ತರಭಾಗವು ಇನ್ನೂ ನೂರನ್ನು ಸೇರಿಸಿತು. ಇದಕ್ಕೆ ‘ಗೋಲ್ಡ್’, ‘ಸಿಲ್ವರ್’ ಎಂದು ಎರಡು ಪಾಠಗಳುಂಟು. ಒಂದರಲ್ಲಿರುವ ಕೆಲವು ಪ್ರಾಣಿಗಳು ಮತ್ತೊಂದರಲ್ಲಿ ಸಿಕ್ಕವು. ಇಬ್ಬರು ಆಟಗಾರರು ತಮ್ಮ ಯಂತ್ರಗಳನ್ನು ತಂತಿಯಿಂದ ಜೋಡಿಸಿ ವಿನಿಮಯ ಮಾಡಿಕೊಂಡರೆ ಮಾತ್ರ ಸಂಗ್ರಹವು ಪೂರ್ಣತೆಯತ್ತ ಸಾಗುತ್ತದೆ. ಒಬ್ಬಂಟಿಗನಿಗೆ ಎಲ್ಲವೂ ದಕ್ಕದಂತೆ ಮಾಡಿರುವುದು ಈ ರಚನೆಯ ಜಾಣ್ಮೆ.

ಕದನದ ನಿಯಮವು ಸರಳ. ನೀರು ಬೆಂಕಿಯನ್ನು ಗೆಲ್ಲುತ್ತದೆ, ಬೆಂಕಿ ಹಸಿರನ್ನು, ಹಸಿರು ನೀರನ್ನು. ಇಂತಹ ಹದಿನೈದು ಜಾತಿಗಳು ಮೊದಲಲ್ಲಿದ್ದವು. ಆದರೆ ಮನಶ್ಶಕ್ತಿಯ ಜಾತಿಗೆ ತಕ್ಕ ಎದುರಾಳಿಯೇ ಇಲ್ಲದೆ ಆಟದ ತೂಕವು ಒಂದೇ ಕಡೆಗೆ ವಾಲಿತ್ತು. ಉತ್ತರಭಾಗದಲ್ಲಿ ಲೋಹದ ಜಾತಿಯನ್ನೂ, ಜಪಾನಿಯಲ್ಲಿ ‘ಅಕು’ ಎನಿಸಿಕೊಂಡ ಜಾತಿಯನ್ನೂ ತಂದು ಆ ದೋಷವನ್ನು ತಿದ್ದಲಾಯಿತು. ‘ಅಕು’ ಎಂದರೆ ಕೇಡು. ಇಂಗ್ಲಿಷಿನವರು ಅದನ್ನು ಕತ್ತಲೆಯೆಂದು ಮೃದುಗೊಳಿಸಿದರು.

ಈ ಭಾಗದ ನಿಜವಾದ ಹೆಚ್ಚುಗಾರಿಕೆಯು ಕಾಲಗಣನೆಯಲ್ಲಿದೆ. ಆಟದ ಬಿಲ್ಲೆಯೊಳಗೇ ಒಂದು ಗಡಿಯಾರವಿದೆ. ಹೊರಗೆ ಇರುಳಾದರೆ ಆಟದೊಳಗೂ ಇರುಳು. ಗೂಬೆಯನ್ನು ಹೋಲುವ ಹೂಟ್‌ಹೂಟ್ ಕತ್ತಲಾದಮೇಲೆ ಹೊರಡುತ್ತದೆ. ಲೆಡಿಬಾ ಎಂಬ ಕೀಟವು ಬೆಳಗಿನ ಹೊತ್ತಿನದು. ಈವೀ ಎಂಬುದು ತನ್ನನ್ನು ಸಾಕಿದವನಲ್ಲಿ ಪ್ರೀತಿ ಬೆಳೆದು ಹಗಲಿನಲ್ಲಿ ರೂಪಾಂತರ ಹೊಂದಿದರೆ ಒಂದು ಪ್ರಾಣಿ, ಇರುಳಿನಲ್ಲಾದರೆ ಮತ್ತೊಂದು. ಮಂಗಳವಾರ, ಗುರುವಾರ, ಶನಿವಾರಗಳಂದು ಉದ್ಯಾನವೊಂದರಲ್ಲಿ ಕೀಟ ಹಿಡಿಯುವ ಸ್ಪರ್ಧೆ ನಡೆಯುತ್ತದೆ. ತಾಜಿರಿಯವರ ಬಾಲ್ಯವು ಇಲ್ಲಿ ಮರೆಯಿಲ್ಲದೆ ಕಾಣಿಸಿಕೊಂಡಿದೆ ಎಂದರೆ ತಪ್ಪಾಗದು.

ಪ್ರಾಣಿಯ ಪ್ರೀತಿಗೂ ಇಲ್ಲಿ ಲೆಕ್ಕವುಂಟು. ಜೊತೆಯಲ್ಲಿ ನಡೆದರೆ ಅದು ಹೆಚ್ಚುತ್ತದೆ. ಕಾಳಗದಲ್ಲಿ ಮೂರ್ಛೆ ಹೋಗುವಂತೆ ಬಿಟ್ಟರೆ ತಗ್ಗುತ್ತದೆ. ಕಥೆಯ ಪ್ರತಿನಾಯಕನಾದ ಬಾಲಕನು ವಿದ್ವಾಂಸರ ಪ್ರಯೋಗಶಾಲೆಯಿಂದ ಪ್ರಾಣಿಯನ್ನು ಕದ್ದವನು, ಬಲವಿಲ್ಲದವುಗಳನ್ನು ತುಚ್ಛವಾಗಿ ಕಾಣುವವನು. ಅವನನ್ನು ಸೋಲಿಸಿದ ಲ್ಯಾನ್ಸ್ ಎಂಬ ವೀರನು, ನಿನಗೆ ನಿನ್ನ ಪ್ರಾಣಿಗಳಲ್ಲಿ ಪ್ರೀತಿವಿಶ್ವಾಸಗಳು ಸಾಲವೆಂದು ಹೇಳುತ್ತಾನೆ. ಆ ಮಾತು ಹುಡುಗನನ್ನು ಬಹುಕಾಲ ಚುಚ್ಚುತ್ತದೆ. ಅವನು ಬದಲಾಗುವ ಬಗೆಯನ್ನು ಕಥೆಯು ಅವಸರವಿಲ್ಲದೆ ತೋರಿಸಿದೆ. ಕಾಳಗವೇ ಮುಖ್ಯವಾದ ಆಟದಲ್ಲಿ ಇದು ಮೆಚ್ಚತಕ್ಕ ಅಂಶ.

ಕಥೆ ನಡೆಯುವ ಜೋತೊ ನಾಡು ಕ್ಯೋಟೋ, ಒಸಾಕಾ, ನಾರಾಗಳಿರುವ ಕನ್ಸಾಯ್ ಸೀಮೆಯ ಪ್ರತಿಬಿಂಬ. ಪಯಣವು ಆರಂಭವಾಗುವ ಊರು ಜಪಾನಿಯಲ್ಲಿ ವಾಕಬಾ, ಅಂದರೆ ಎಳೆಯೆಲೆ. ಕ್ಯೋಟೋವನ್ನು ನೆನಪಿಸುವ ನಗರದ ಗೋಪುರದ ಹೆಸರು ‘ಸುಜು’. ಇದಕ್ಕೆ ಕಿರುಗಂಟೆ ಎಂಬ ಅರ್ಥವೂ ತವರವೆಂಬ ಅರ್ಥವೂ ಇವೆ. ಆಟದ ಬರಹವು ಉಚ್ಚಾರವನ್ನಷ್ಟೇ ತೋರಿಸುವ ಕಾನಾ ಲಿಪಿಯಲ್ಲಿದ್ದುದರಿಂದ ಶ್ಲೇಷವು ಬಿಡದೆ ಉಳಿಯಿತು. ಇಂಗ್ಲಿಷ್ ಅನುವಾದವು ಮೊದಲು ತವರದ ಗೋಪುರವೆಂದೇ ಕರೆಯಿತು. ೨೦೦೯ರಲ್ಲಿ ಜಪಾನಿನಲ್ಲಿ ಹೊರಬಂದ ನವೀಕೃತ ಆಟವು ಇಂಗ್ಲಿಷಿಗೆ ಬಂದಾಗಲಷ್ಟೇ ಅದು ಗಂಟೆಯ ಗೋಪುರವಾಯಿತು. ಅನುವಾದಕರ ಪಾಡು ಎಲ್ಲೆಡೆಯೂ ಒಂದೇ.

ಜೋತೊ ಮುಗಿದಮೇಲೆ ಮೊದಲ ಆಟದ ನಾಡೂ ತೆರೆದುಕೊಳ್ಳುತ್ತದೆ. ಜಪಾನೀ ಆವೃತ್ತಿಯ ಬಿಲ್ಲೆಯ ಹಿಡಿತ ಒಂದೇ ಮೆಗಾಬೈಟ್. ಚಿತ್ರಗಳನ್ನು ಅಡಕಗೊಳಿಸುವ ಉಪಕರಣವನ್ನು ರಚಿಸಿ ನೆರವಾದವರು ಸತೋರು ಇವಾಟ. ಇವರು ೨೦೦೨ರಲ್ಲಿ ನಿಂಟೆಂಡೊ ಸಂಸ್ಥೆಯ ಅಧ್ಯಕ್ಷರಾದರು. ಕೊನೆಗೆ ಬೆಳ್ಳಿಬೆಟ್ಟದ ಗವಿಯಲ್ಲಿ ಎದುರಾಗುವವನು ಪೂರ್ವಭಾಗದ ನಾಯಕನಾದ ರೆಡ್. ಅವನು ಒಂದು ಮಾತನ್ನೂ ಆಡುವುದಿಲ್ಲ.

ಗಡಿಯಾರವೇ ಈ ಆಟಕ್ಕೆ ಮುಳುವೂ ಆಯಿತು. ಬಿಲ್ಲೆಯೊಳಗಿನ ಪುಟ್ಟ ಬ್ಯಾಟರಿಯು ಕಾಲವನ್ನೂ ಎಣಿಸಬೇಕು, ಆಟಗಾರನ ಸಂಗ್ರಹವನ್ನೂ ನೆನಪಿಟ್ಟಿರಬೇಕು. ಪೂರ್ವಭಾಗದ ಬಿಲ್ಲೆಗಳಲ್ಲಿ ನೆನಪಿನ ಹೊರೆ ಮಾತ್ರ ಇದ್ದುದರಿಂದ ಅವು ಹೆಚ್ಚು ಕಾಲ ಬಾಳಿದವು. ಇಲ್ಲಿ ಬ್ಯಾಟರಿಯು ಬೇಗ ಬರಿದಾಗಿ, ವರ್ಷಗಟ್ಟಲೆ ಸಾಕಿದ ಪ್ರಾಣಿಗಳು ಗುರುತಿಲ್ಲದಂತೆ ಅಳಿಯುತ್ತವೆ. ೨೦೦೨ರ ಮುಂದಿನ ಆಟಗಳಿಗೆ ಅವುಗಳನ್ನು ಸಾಗಿಸಲು ತಂತಿಯ ದಾರಿಯೂ ಇರಲಿಲ್ಲ. ಇಂದು ಬಿಲ್ಲೆಯನ್ನು ಬಿಚ್ಚಿ ಹೊಸ ಬ್ಯಾಟರಿಯನ್ನು ಬೆಸುಗೆ ಹಾಕಬಹುದು. ಗಡಿಯಾರವು ಮತ್ತೆ ನಡೆಯುತ್ತದೆ. ಅಳಿದ ಪ್ರಾಣಿಗಳು ಮರಳುವುದಿಲ್ಲ, ಆಟಗಾರನು ವಾಕಬಾದಿಂದಲೇ ಮತ್ತೆ ಹೊರಡಬೇಕು.